ಅತ್ತೆಯ ಕೈಯಿಂದ ಒಡೆದ ತಟ್ಟೆ

ನಮ್ಮ ಮನೆಯಲ್ಲಿ ಎರಡು ಪ್ಲಾಸ್ಟಿಕ್ ತಟ್ಟೆಗಳಿದ್ದವು. ಒಂದರ ಮೇಲೆ ರೈಲಿನ ಚಿತ್ರ, ಇನ್ನೊಂದರ ಮೇಲೆ ಆನೆ. ರೈಲು ಮಗನದು, ಆನೆ ಮಗಳದು. ಸಾರಿನ ಅರಿಸಿನ ಕೂತು ಕೂತು ಆನೆ ಹಳದಿಯಾಗಿತ್ತು. ರೈಲಿನ ಎಂಜಿನ್ನು ಉಜ್ಜಿ ಉಜ್ಜಿ ಮಾಸಿಹೋಗಿ ಬರೀ ಡಬ್ಬಿಗಳು ಉಳಿದಿದ್ದವು. ಮನೆಗೆ ಬಂದವರು ಇದನ್ನಿನ್ನೂ ಎಸೆದಿಲ್ಲವೇ ಎಂದು ಕೇಳಿದರೆ, ಮಕ್ಕಳು ಸಣ್ಣವರಲ್ಲವೇ ಎನ್ನುತ್ತಿದ್ದೆ. ಮಗನಿಗೆ ಆಗ ಏಳು ತುಂಬಿತ್ತು. ಏಳು ತುಂಬಿದ ಹುಡುಗ ಪಿಂಗಾಣಿ ತಟ್ಟೆ ಹಿಡಿಯಲಾರದಷ್ಟು ಸಣ್ಣವನೇನಲ್ಲ ಎಂದು ಬಂದವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಿಜವಾದ ಕಾರಣ ಬೇರೆ. ನನ್ನ ಗಂಡ ನೌಕಾಪಡೆಯವರು, ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ನಾನು ಬ್ಯಾಂಕಿನಲ್ಲಿ ಆಫೀಸರು. ನನ್ನ ತವರು ಹಾಸನದ ಕಡೆ, ಅವರದು ರಾಣೆಬೆನ್ನೂರಿನ ಕಡೆ. ಸಂಸಾರ ಹೂಡಿದ್ದು ವಿಶಾಖಪಟ್ಟಣದಲ್ಲಿ. ಮದುವೆಯಾದ ಮೇಲೆ ಅವರ ಹಡಗು ಮೊದಲ ಸಲ ದೂರ ಹೊರಟ ಬೆಳಿಗ್ಗೆ, ಅವರನ್ನು ಕಳಿಸಿ ಒಳಗೆ ಬಂದು ಕಾಫಿ ಕುಡಿದ ಲೋಟ ತೊಳೆಯುತ್ತಿದ್ದೆ. ಗಾಜಿನ ಲೋಟ. ಕೈ ಜಾರಿತು, ಸಿಂಕಿನಲ್ಲಿ ಬಿದ್ದು ಎರಡು ಹೋಳಾಯಿತು. ಆಮೇಲೆ ಎಷ್ಟೋ ದಿನ ಅವರಿಂದ ಫೋನಿಲ್ಲ. ಕೊನೆಗೆ ಮನೆಗೆ ಬಂದಾಗ ಮುಂಗೈ ಮೇಲೆ ಬಿಸಿ ಪೈಪು ತಗುಲಿ ಸುಟ್ಟ ಗಾಯ, ಅರ್ಧ ವಾಸಿಯಾಗಿತ್ತು. ಅವರ ಪಾಲಿಗೆ ಅದು ಹೇಳಿಕೊಳ್ಳುವಂಥ ಗಾಯವೇ ಅಲ್ಲ. ನನ್ನ ತಲೆಯಲ್ಲಿ ಮಾತ್ರ ಆ ಲೋಟಕ್ಕೂ ಈ ಗಾಯಕ್ಕೂ ಗಂಟು ಬಿದ್ದುಬಿಟ್ಟಿತು.

ಓದಿದವಳು, ಬ್ಯಾಂಕಿನಲ್ಲಿ ಹತ್ತು ಕಾಗದ ನೋಡದೆ ಒಂದು ಸಹಿ ಹಾಕದವಳು, ನಿನಗೆ ಇದೆಲ್ಲ ಯಾಕೆ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಪ್ರಯೋಜನವಾಗಲಿಲ್ಲ. ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಇಂಥದ್ದಕ್ಕೆ ಯಾರೂ ನಗುವುದೂ ಇಲ್ಲ. ಹಡಗು ಹೊರಟ ದಿನ ಸಂಜೆಯವರೆಗೆ ಮನೆ ಗುಡಿಸದವರಿದ್ದರು. ಗಂಡ ಬಿಚ್ಚಿಟ್ಟುಹೋದ ಅಂಗಿಯನ್ನು ಅವನು ಬರುವ ತನಕ ಒಗೆಯದವರಿದ್ದರು. ನಮ್ಮ ಮಹಡಿಯಿಂದ ಡಾಲ್ಫಿನ್ಸ್ ನೋಸ್ ಗುಡ್ಡ ಕಾಣುತ್ತಿತ್ತು. ಹಡಗುಗಳು ಅದರ ಪಕ್ಕದಿಂದ ಹಾದು ಸಮುದ್ರಕ್ಕೆ ಇಳಿಯುವುದನ್ನು ನೋಡಿ ನಾವು ಹೆಂಗಸರು ಒಳಗೆ ಬರುತ್ತಿದ್ದೆವು. ಒಳಗೆ ಬಂದ ಮೇಲೆ ಒಬ್ಬೊಬ್ಬಳದು ಒಂದೊಂದು ಹುಚ್ಚು. ನನ್ನದು, ಮನೆಯಲ್ಲಿ ಏನೂ ಒಡೆಯಬಾರದು ಎನ್ನುವುದು.

ಹಾಗಾಗಿ ಮದುವೆಗೆ ಸೋದರತ್ತೆ ಕೊಟ್ಟಿದ್ದ ಪಿಂಗಾಣಿ ಸೆಟ್ಟು, ಬಿಳಿಯ ಮೇಲೆ ನೀಲಿ ಗೆರೆಯದು, ಡಬ್ಬಿ ಬಿಟ್ಟು ಹೊರಗೆ ಬರಲಿಲ್ಲ. ನಮಗೆ ದೊಡ್ಡವರಿಗೆ ಸ್ಟೀಲು. ಮಕ್ಕಳಾದ ಮೇಲೆ ಅವರಿಗೂ ಸ್ಟೀಲೇ ಕೊಡಬಹುದಿತ್ತು. ಸ್ಟೀಲು ಒಡೆಯುವುದಿಲ್ಲ ನಿಜ, ಆದರೆ ಬಿದ್ದಾಗ ಅದು ಮಾಡುವ ರಂಪ ನನಗೆ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಠಣ್ ಎಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪ್ಲಾಸ್ಟಿಕ್ಕಾದರೆ ಬಿದ್ದರೂ ತಪ್ ಎಂದು ಸುಮ್ಮನಾಗುತ್ತದೆ.

ಆಮೇಲೆ ನನಗೆ ಬಡ್ತಿಯಾಗಿ ವಿಜಯವಾಡಕ್ಕೆ ವರ್ಗವಾಯಿತು. ಅವರು ವಿಶಾಖಪಟ್ಟಣದಲ್ಲೇ ಉಳಿದರು. ಹಡಗು ದಡದಲ್ಲಿದ್ದಾಗ ರಜೆ ಸಿಕ್ಕರೆ ರೈಲು ಹತ್ತಿ ಬರುತ್ತಿದ್ದರು. ನಾನು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದು ಬಾಡಿಗೆ ಮನೆ ಹಿಡಿದೆ. ಬಾಲ್ಕನಿಯಿಂದ ಇಂದ್ರಕೀಲಾದ್ರಿಯ ಒಂದು ಪಕ್ಕೆ ಕಾಣುತ್ತದೆ ಎಂದು ಮನೆ ಮಾಲೀಕರು ಹೇಳಿದ್ದರು. ಕಾಣುತ್ತಿತ್ತು, ನೀರಿನ ಟ್ಯಾಂಕಿನ ಈಚೆಗೆ ಸ್ವಲ್ಪ ಬಗ್ಗಿ ನೋಡಬೇಕಿತ್ತು ಅಷ್ಟೆ. ಪಿಂಗಾಣಿ ಡಬ್ಬಿ ಇಲ್ಲಿಗೂ ಬಂತು, ಹಾಗೆಯೇ ಅಟ್ಟ ಸೇರಿತು.

ಕೆಳಗಿನ ಮನೆಯಲ್ಲಿದ್ದ ಮಾಲೀಕರ ಹೆಂಡತಿ ಕೈಬಿಚ್ಚಿ ಬಡಿಸುವ ಹೆಂಗಸು. ಸಂಕ್ರಾಂತಿಯ ದಿನ ಮಕ್ಕಳನ್ನು ಊಟಕ್ಕೆ ಕರೆದರು, ನಾನೂ ಜೊತೆಗೆ ಹೋದೆ. ನನ್ನ ಗಂಡ ಆಗ ಸಮುದ್ರದಲ್ಲಿದ್ದರು. ನಾಲ್ಕೈದು ಮಕ್ಕಳನ್ನು ಸಾಲಾಗಿ ಕೂರಿಸಿ ಎಲ್ಲರಿಗೂ ಹೂವಿನ ಚಿತ್ರದ ಪಿಂಗಾಣಿ ತಟ್ಟೆ ಕೊಟ್ಟರು. ನನ್ನ ಮಗ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತವನು ಕೂರಲೇ ಇಲ್ಲ. ಬೆರಳು ಬಿಳಿಚಿಕೊಂಡಿದ್ದವು. ಆಕೆ ಕೂತ್ಕೋ ಮರಿ ಎಂದು ತೆಲುಗಿನಲ್ಲಿ ಎರಡು ಸಲ ಹೇಳಿದರು. ಅವನು ತೆಲುಗಿನಲ್ಲೇ, ಬಹಳ ಮರ್ಯಾದೆಯಿಂದ, ನನಗೆ ಪ್ಲಾಸ್ಟಿಕ್ ಪ್ಲೇಟು ಕೊಡಿ ಎಂದು ಕೇಳಿದ. ಉಳಿದ ಮಕ್ಕಳು ನಕ್ಕವು. ಆಕೆ ನಗಲಿಲ್ಲ, ಬಾಳೆಲೆ ತಂದು ಹಾಕಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಮೆಟ್ಟಿಲು ಹತ್ತಿ ಬರುವಾಗ, ಅಷ್ಟು ದೊಡ್ಡವನಾಗಿ ಒಂದು ತಟ್ಟೆ ಹಿಡಿಯಲು ಬರುವುದಿಲ್ಲವೇನೋ ಎಂದು ಗದರಿದೆ. ಅವನು ಮೆಟ್ಟಿಲ ಕಂಬಿ ಹಿಡಿದು ನಿಂತು ನನ್ನನ್ನು ನೋಡಿದ.

“ಒಡೆದ್ರೆ ಅಪ್ಪ ವಾಪಸ್ ಬರಲ್ಲ ಅಲ್ವಾಮ್ಮ?”

ದೇವರಾಣೆಗೂ ಆ ಮಾತನ್ನು ನಾನು ಅವನಿಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಹಡಗು ಹೊರಟಾಗಲೆಲ್ಲ ಗಾಜಿನ ಬಾಟಲಿಗಳನ್ನು ಮೇಲಿನ ಕಪಾಟಿಗೆ ಏರಿಸುವ ತಾಯಿಯನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಲೋಟ ಅಲುಗಿದರೆ ನನ್ನ ಮುಖ ಹೇಗಾಗುತ್ತದೆಂದು ನೋಡಿದ್ದ. ಎರಡನ್ನೂ ಕೂಡಿಸಿಕೊಂಡಿದ್ದ. ಏಳು ವರ್ಷದ ಮಗು ತನ್ನಪ್ಪನ ಜೀವವನ್ನು ತನ್ನ ಹತ್ತು ಬೆರಳಲ್ಲಿ ಹಿಡಿದುಕೊಂಡು ಓಡಾಡುತ್ತಿದೆ ಎಂದು ತಿಳಿದಾಗ ನಾನು ಮೆಟ್ಟಿಲ ಮೇಲೇ ಕೂತು ಅವನನ್ನು ಹತ್ತಿರಕ್ಕೆ ಎಳೆದುಕೊಂಡೆ. ಹಾಗೇನೂ ಇಲ್ಲ ಕಂದ ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ. ಅವನಿಗೆ ಹುಟ್ಟಿಸುವುದೆಲ್ಲಿಂದ?

ಅದೇ ತಿಂಗಳು ಅತ್ತೆ ಬಂದರು. ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಮಕ್ಕಳು ಶಾಲೆಯಿಂದ ಬಂದು ಕೆಳಗಿನ ಮನೆಯಲ್ಲಿ ಕಾಯಬೇಕಾಗುತ್ತಿತ್ತು. ಸ್ವಲ್ಪ ದಿನ ಇದ್ದು ಹೋಗಿ ಎಂದು ನನ್ನ ಗಂಡ ಹಡಗು ಹತ್ತುವ ಮೊದಲೇ ತಾಯಿಯನ್ನು ಫೋನಿನಲ್ಲಿ ಕೇಳಿಕೊಂಡಿದ್ದರು. ಅತ್ತೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಒಂದು ಚೀಲ ರೊಟ್ಟಿ, ಒಂದು ಚೀಲ ಚಟ್ನಿಪುಡಿ, ಮಡಚಿ ಕಟ್ಟಿದ ಒಂದು ಕೌದಿಯೊಂದಿಗೆ ಇಳಿದರು. ಕೌದಿ ಅವರೇ ಹಳೇ ಸೀರೆಗಳನ್ನು ಕೂಡಿಸಿ ಹೊಲಿದದ್ದು. ನಾವಿಬ್ಬರೂ ಹೊಂದಿಕೊಂಡು ಹೋಗುವ ಅತ್ತೆ ಸೊಸೆ ಎಂದು ಯಾರಾದರೂ ಹೇಳಿದ್ದರೆ ನಾನಾಗ ನಗುತ್ತಿದ್ದೆ. ನನ್ನ ಸಾರು ಅವರಿಗೆ ಬಿಸಿನೀರು. ಅವರ ಕೆಂಪು ಚಟ್ನಿ ನನಗೆ ಕಣ್ಣೀರು. ಅವರು ಚಹಾವನ್ನು ಬಶಿಗೆ, ಅಂದರೆ ಸಾಸರಿಗೆ, ಸುರಿದುಕೊಂಡು ಸುರ್ರೆಂದು ಕುಡಿಯುವುದು ಓಣಿಯ ತುದಿಗೆ ಕೇಳುತ್ತಿತ್ತು. ಚಹಾದ ಕಪ್ಪು, ಬಶಿ ಎರಡನ್ನೂ ಅವರು ಊರಿಂದಲೇ ತಂದಿದ್ದರು, ಕೌದಿಯೊಳಗೆ ಸುತ್ತಿ. ನಮ್ಮ ಮನೆಯಲ್ಲಿ ಬಶಿ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮಗನ ಮಾತನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಹೇಳುವ ಪ್ರಸಂಗ ತಾನಾಗಿ ಬಂತು. ಅವರು ಮೊಮ್ಮಗನಿಗೆ ಬಶಿಯಲ್ಲಿ ಒಂದು ಗುಟುಕು ಚಹಾ ಹಾಕಿ ಕೊಟ್ಟರು. ಅವನು ಕೈ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಸರಿದ. ಮಕ್ಕಳು ಆಟಕ್ಕೆ ಹೋದ ಮೇಲೆ ನಾನು ಎಲ್ಲವನ್ನೂ ಹೇಳಿದೆ, ಲೋಟ ಒಡೆದ ದಿನದಿಂದ ಹಿಡಿದು. ಶಕುನ ನಂಬುವ ಮುದುಕಿ, ನನ್ನ ಪರ ವಹಿಸುತ್ತಾರೆ ಎಂದು ಒಳಗೊಳಗೆ ಆಸೆಯಿತ್ತು. ಅವರು ಬಶಿಯ ತಳದಲ್ಲಿ ಉಳಿದ ಚಹಾ ಕುಡಿದು ಮುಗಿಸಿ ಹೇಳಿದರು:

“ಹುಡುಗನ ಕೈಯಾಗ ಅಂಜಿಕಿ ಕುಂತೈತಿ ನೋಡವಾ. ಮೊದಲ ಅದನ್ನ ಇಳಸಬೇಕು. ತಟ್ಟಿ ಆಮ್ಯಾಲೆ.”

ಮರುದಿನ ನನ್ನನ್ನು ಒನ್ ಟೌನಿನ ಹಳೇ ಪೇಟೆಗೆ ಎಳೆದುಕೊಂಡು ಹೋದರು. ಅಟ್ಟದ ಮೇಲೆ ಇಡೀ ಸೆಟ್ಟಿದೆ ಎಂದರೆ, ಅದು ಈಗ ಬೇಡ, ಅದು ಒಡೆದರೆ ನಿನ್ನ ಹೊಟ್ಟೆ ಉರಿಯುತ್ತದೆ, ನಿನ್ನ ಹೊಟ್ಟೆ ಉರಿದರೆ ಹುಡುಗನಿಗೆ ಕಾಣುತ್ತದೆ ಎಂದರು. ಕಲಿಯುವುದಕ್ಕೆ ಒಡೆದರೂ ಸೈ ಎನ್ನುವ ತಟ್ಟೆ ಬೇಕಂತೆ. ಆ ಸಂದಿಗಳಲ್ಲಿ ಕೈಗಾಡಿ, ಸ್ಕೂಟರು, ಮೂಟೆ ಹೊತ್ತವರ ನಡುವೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಹುಟ್ಟಿದೂರಿನಲ್ಲಿ ನಡೆದಂತೆ ನಡೆದರು. ಪಾತ್ರೆ ಅಂಗಡಿಯವನ ಹತ್ತಿರ ಅಚ್ಚ ರಾಣೆಬೆನ್ನೂರಿನ ಕನ್ನಡದಲ್ಲಿ ವ್ಯಾಪಾರ ಮಾಡಿದರು. ಅವನು ತೆಲುಗಿನಲ್ಲಿ ಉತ್ತರ ಕೊಟ್ಟ. ನಾನು ನಡುವೆ ಅನುವಾದಿಸಲು ಹೋದರೆ ಇಬ್ಬರಿಗೂ ನಾನು ಅಡ್ಡವಾದೆ. ಜೋಡಿಯಿಲ್ಲದೆ ಉಳಿದ ಬಿಡಿ ತಟ್ಟೆಗಳ ರಾಶಿಯಿಂದ ಒಂದೊಂದನ್ನೇ ಎತ್ತಿ, ಅಂಗೈ ಮೇಲೆ ಕೂರಿಸಿ, ಬೆರಳಗೆಣ್ಣಿನಿಂದ ಹೊಡೆದು ಕಿವಿಗೊಟ್ಟರು. ನಾದ ಬಂದರೆ ಒಂದು ಕಡೆ, ಮಂಕು ಸದ್ದು ಬಂದರೆ ವಾಪಸ್ಸು. ಒಂದಕ್ಕೆ ಹಸಿರು ಅಂಚು, ಒಂದಕ್ಕೆ ಗುಲಾಬಿ, ಒಂದು ಬೋಳು. ಒಂದಕ್ಕೊಂದು ಸಂಬಂಧವಿಲ್ಲದ ತಟ್ಟೆಗಳು. ಬೋಳು ನನಗಿರಲಿ ಎಂದು ಅತ್ತೆ ತಾವೇ ಇಟ್ಟುಕೊಂಡರು.

ಮನೆಗೆ ಬಂದು ಮೊದಲು ಮಾಡಿದ್ದು ಊಟದ ಮೇಜನ್ನು ಗೋಡೆಗೆ ಒತ್ತಿದ್ದು. ನೆಲದ ಮೇಲೆ ಕೌದಿ ಹಾಸಿದರು. ತಟ್ಟೆ ಒಡೆಯುವುದು ಮಕ್ಕಳಿಂದ ಅಲ್ಲ, ಎತ್ತರದಿಂದ ಎನ್ನುವುದು ಅವರ ವಾದ. ನೆಲದಲ್ಲಿ ಕೂತವನ ತಟ್ಟೆ ಬಿದ್ದರೆ ಎಷ್ಟು ದೂರ ಬೀಳುತ್ತದೆ? ಗೇಣು. ಅದೂ ಕೌದಿಯ ಮೇಲೆ. ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಒಂದು ಕ್ಷಣ ಅವರ ಮೇಲೆಯೇ ಸಿಟ್ಟು ಬಂತು.

ಮೊದಮೊದಲು ಊಟವೇ ಇಲ್ಲ, ಬರೀ ತಟ್ಟೆ. ಮಕ್ಕಳಿಗೆ ಅದನ್ನು ತೊಳೆಯುವುದನ್ನು ಕಲಿಸಿದರು. ಟಬ್ಬಿನ ತಳಕ್ಕೆ ಹಳೇ ಟವೆಲು ಹಾಸಿ, ಬೆಚ್ಚಗಿನ ನೀರು ಬಿಟ್ಟು, ಒಂದು ಸಲಕ್ಕೆ ಒಂದೇ ತಟ್ಟೆ. ಸೋಪಿನ ಕೈಯಲ್ಲಿ ತಟ್ಟೆ ಎಷ್ಟು ಜಾರುತ್ತದೆ ಎಂದು ಬೇಕೆಂದೇ ಜಾರಿಸಿ ತೋರಿಸಿದರು. ಆಮೇಲೆ ನೆಲಕ್ಕೆ ಇಡುವುದು: ಮೊದಲು ಅಂಚನ್ನು ತಾಗಿಸಿ, ಬೆರಳು ಬಿಡಿಸಿಕೊಂಡು, ಉಳಿದದ್ದನ್ನು ಮೆಲ್ಲಗೆ ಇಳಿಸುವುದು. ನೋಡಿದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗಿರುತ್ತಿತ್ತು. ಕೈಗೆ ಅದರ ಭಾರ ತಿಳಿದ ಮೇಲೆ ಮೊಸರನ್ನ ಬಂತು, ಮೊಸರನ್ನ ಚೆಲ್ಲದೆ ಕೂತ ಮೇಲೆ ಸಾರನ್ನ. ನನ್ನ ಮಗಳು, ನಾಲ್ಕೂವರೆ ವರ್ಷದ ಪೋರಿ, ಮೂರನೇ ಊಟಕ್ಕೆಲ್ಲ ಗುಲಾಬಿ ಅಂಚಿನ ತಟ್ಟೆಯ ಯಜಮಾನಿಯಾದಳು. ಆನೆ ತಟ್ಟೆಯನ್ನು ಗೊಂಬೆಗೆ ದಾನ ಮಾಡಿದಳು. ಬೇಸಿನ್ನಿಗೆ ತಟ್ಟೆ ಒಯ್ಯುವಾಗ ಅವಳ ನಡಿಗೆಯ ಗತ್ತು ನೋಡಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮಗನೂ ಕಲಿತ. ನನ್ನ ಗಂಡ ಸಮುದ್ರದಿಂದ ಬಂದು ದಡದಲ್ಲಿದ್ದ ವಾರಗಳವು. ಉಸಿರು ಬಿಗಿಹಿಡಿದುಕೊಂಡಾದರೂ ಹಸಿರು ಅಂಚಿನ ತಟ್ಟೆಯಲ್ಲಿ ಉಂಡ, ತೊಳೆದ, ಒರೆಸಿಟ್ಟ. ಗೆದ್ದೆವು ಎಂದು ನಾನು ಅಂದುಕೊಂಡೆ. ಆಮೇಲೆ ಹಡಗು ಮತ್ತೆ ಹೊರಡುತ್ತದೆ ಎಂದು ಫೋನು ಬಂತು. ಮರುದಿನ ಊಟಕ್ಕೆ ಕೂತಾಗ ಮಗ ಸದ್ದಿಲ್ಲದೆ ಎದ್ದುಹೋಗಿ ರೈಲಿನ ತಟ್ಟೆ ತಂದುಕೊಂಡ. ತಂಗಿಯ ಮುಂದಿನ ತಟ್ಟೆಯನ್ನೂ ಎತ್ತಿ ಆನೆಯದನ್ನು ಇಟ್ಟ. ಅವಳು ಕಿರುಚಿಕೊಂಡಳು. ಅಪ್ಪ ಬರೋ ತನಕ ಅಷ್ಟೆ ಎಂದು ದೊಡ್ಡವರ ಹಾಗೆ ಸಮಾಧಾನ ಹೇಳಿದ. ಅತ್ತೆಯ ಬೋಳು ತಟ್ಟೆಯ ಕಡೆಗೂ ನೋಡಿದ, ಕೇಳುವ ಧೈರ್ಯ ಬರಲಿಲ್ಲ. ಅತ್ತೆ ತಮ್ಮ ಪಾಡಿಗೆ ಉಂಡೆದ್ದರು. ಹಲವು ದಿನ ಹೀಗೇ ನಡೆಯಿತು. ಅವರು ಅವನನ್ನು ಬಲವಂತ ಮಾಡಲಿಲ್ಲ, ನನ್ನನ್ನೂ ಮಾಡಗೊಡಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಅಡುಗೆಯಾಗಿತ್ತು, ಮಕ್ಕಳು ಕೌದಿಯ ಮೇಲೆ ಕೂತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತಮ್ಮ ತಟ್ಟೆ ಹಿಡಿದು ನಿಂತರು. ತಮ್ಮಾ, ಇಲ್ಲಿ ನೋಡು ಎಂದು ಮೊಮ್ಮಗನನ್ನು ಕರೆದರು. ಅವನು ತಲೆ ಎತ್ತಿದ. ಅವರು ಎರಡು ಕೈಯನ್ನೂ ಬಿಟ್ಟರು.

ಎದೆಯೆತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದ ತಟ್ಟೆಯ ಸದ್ದು ಅಷ್ಟು ದೊಡ್ಡದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಚೂರುಗಳು ಫ್ರಿಜ್ಜಿನ ಕೆಳಗಿನವರೆಗೂ ಹೋದವು. ಮಗಳು ಬಾಯಿ ತೆರೆದುಕೊಂಡು ಕೂತಳು. ಮಗನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಏನೆಂದೆನೋ ನೆನಪಿಲ್ಲ. ಕೂಗಿದ್ದಂತೂ ಹೌದು, ಕೆಳಗಿನ ಮನೆಯವರು ಆಮೇಲೆ ವಿಚಾರಿಸಿದರು. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಅವರ ಕಣ್ಣು ಮೊಮ್ಮಗನ ಮೇಲಿತ್ತು.

“ನನ್ನ ಕೈಯಾಗಿಂದ ಒಡೀತು ತಮ್ಮಾ. ನಾನ ಒಡದೆ. ನಿಮ್ಮಪ್ಪ ಬರ್ತಾನ. ಬಂದ ಮ್ಯಾಲೆ ಅಜ್ಜಿ ಒಡದ್ಲು ಅಂತ ನೀನ ಹೇಳೂವಂತಿ.”

ನಮ್ಮ ಕಡೆ ಬಳೆ ಒಡೆದರೂ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅತ್ತೆ ಇಡೀ ಜನ್ಮ ಹಾಗೆಯೇ ಹೇಳುತ್ತ ಬಂದವರು. ಅವತ್ತು ಒಡೀತು, ಒಡದೆ ಎಂದು ಮುಖದ ಮೇಲೆ ಹೇಳಿದರು.

ಆಮೇಲೆ ಅಡುಗೆಯ ಕೆಲಸದಷ್ಟೇ ಸಲೀಸಾಗಿ ಸ್ವಚ್ಛ ಮಾಡಿದರು. ಎಲ್ಲರೂ ಇದ್ದಲ್ಲೇ ಇರಿ ಎಂದರು. ಮೊಮ್ಮಗನಿಗೆ ಚಪ್ಪಲಿ ಹಾಕಿಕೊಂಡು ಬಂದು ತಮ್ಮದನ್ನೂ ತರಲು ಹೇಳಿದರು. ದೊಡ್ಡ ಚೂರುಗಳನ್ನು ಕೈಯಿಂದ ಆರಿಸಿದರು, ನಡುವಿನವನ್ನು ಪೊರಕೆಯಿಂದ. ಕಣ್ಣಿಗೆ ಕಾಣದ ಚೂರಿಗೆ ಗೋಧಿಹಿಟ್ಟಿನ ಒಂದು ಮುದ್ದೆ ಕಲಸಿ ಅವನ ಕೈಗೆ ಕೊಟ್ಟು, ನೆಲದ ಮೇಲೆ ಒತ್ತಿ ಒತ್ತಿ ಎತ್ತಲು ಹೇಳಿದರು. ಅವನು ಒತ್ತಿದ. ಹಿಟ್ಟಿನ ಮೈತುಂಬ ಬಿಳಿ ಕಿಡಿಗಳು ಹತ್ತಿಕೊಂಡವು. ಮೊದಲು ಬೆರಳ ತುದಿಯಿಂದಷ್ಟೇ ಒತ್ತುತ್ತಿದ್ದ. ಫ್ರಿಜ್ಜಿನ ಹತ್ತಿರ ತಲುಪುವ ಹೊತ್ತಿಗೆ ಇಲ್ಲೊಂದಿದೆ, ಅಲ್ಲೊಂದಿದೆ ಎಂದು ಹುಡುಕುತ್ತಿದ್ದ. ಆ ಊಟವನ್ನು ಅತ್ತೆ ಸ್ಟೀಲಿನ ತಟ್ಟೆಯಲ್ಲಿ ಮಾಡಿದರು. ನಾನು ಉಣ್ಣಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೇಕು ಬೇಡ ಎಷ್ಟೋ ಅಷ್ಟು. ಹಡಗಿನಿಂದ ಸುದ್ದಿಯಿಲ್ಲ. ಸುದ್ದಿ ಇಲ್ಲದಿರುವುದು ಹೊಸತೇನಲ್ಲ, ಆದರೆ ಈ ಸಲದ ಮೌನವೇ ಬೇರೆಯಾಗಿ ಕೇಳುತ್ತಿತ್ತು. ಮಗ ದಿನವೂ ಶಾಲೆಯಿಂದ ಬಂದು ಫೋನ್ ಬಂತಾ ಎಂದು ಅಜ್ಜಿಯನ್ನೇ ಕೇಳುತ್ತಿದ್ದ. ಬರ್ತಾನ ಬಿಡು ಎನ್ನುತ್ತಿದ್ದರು ಅವರು, ಸೊಪ್ಪು ಸೋಸುತ್ತಲೋ, ಮೊಮ್ಮಗಳ ಜಡೆ ಹಾಕುತ್ತಲೋ. ಆ ನೆಮ್ಮದಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಂಥ ಗಟ್ಟಿ ಜೀವವಪ್ಪ ಇದು, ಹೆತ್ತ ಕರುಳೇ ಇಲ್ಲವೇ ಎಂದುಕೊಂಡಿದ್ದೂ ಉಂಟು.

ಆಗ ಬ್ಯಾಂಕಿನ ಕೆಲಸದ ಮೇಲೆ ಆಟೋನಗರಕ್ಕೆ ಹೋಗಬೇಕಾಯಿತು, ನಾವು ಸಾಲ ಕೊಟ್ಟಿದ್ದ ಒಂದು ಲಾರಿಯ ಬಾಡಿ ಕಟ್ಟಿ ಮುಗಿದಿದೆಯೇ ನೋಡಿಬರಲು. ಲಾರಿ ಸಿದ್ಧವಾಗಿತ್ತು, ಹೂವಿನ ಹಾರ ಹಾಕಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು. ಮಾಲೀಕ ಕುಂಕುಮ ತುಂಬಿದ ಬೂದುಗುಂಬಳವನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದ, ಹಿಂದೆಯೇ ತೆಂಗಿನಕಾಯಿ. ಡ್ರೈವರನ ಹೆಂಡತಿ ಪಕ್ಕದಲ್ಲಿ ಕೈಮುಗಿದು ನಿಂತಿದ್ದಳು. ಹೋದವನು ಸುಖವಾಗಿ ಬರಲಿ ಎಂದೇ ಇಲ್ಲಿ ಒಡೆಯುತ್ತಾರೆ. ನಾನು ಅದಕ್ಕೇ ಹೆದರಿ ಇಷ್ಟು ವರ್ಷ ಮನೆಯನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೆ. ನಗು ಬಂತು. ನಗುವಷ್ಟು ಧೈರ್ಯ ಬಂತು ಎಂದರೆ ಸರಿ. ಸಂಜೆ ಮನೆಗೆ ಬಂದು ಅತ್ತೆಗೆ ನಾನೇ ಚಹಾ ಮಾಡಿಕೊಟ್ಟೆ. ಬಶಿಗೆ ಸುರಿದುಕೊಂಡು ಸುರ್ರೆನಿಸಿದರು. ಸಕ್ಕರೆ ಕಮ್ಮಿ ಎಂದರು.

ನನ್ನ ಗಂಡ ಬಂದರು. ಫೋನು ಮೊದಲು ಬಂತು, ಎರಡು ದಿನದ ಮೇಲೆ ಮನುಷ್ಯ. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಬಾಗಿಲು ತೆರೆದವನು ಮಗ. ಅಪ್ಪ ಚೀಲ ಕೆಳಗಿಡುವ ಮೊದಲೇ, “ಅಪ್ಪಾ, ಅಜ್ಜಿ ತಟ್ಟೆ ಒಡೆದ್ರು, ನೀನು ಸಮುದ್ರದಲ್ಲಿದ್ದಾಗ” ಎಂದು ಒಂದೇ ಉಸಿರಿಗೆ ಹೇಳಿ ಅವರ ಕೈ, ಕಾಲು, ಮುಖ ಎಲ್ಲವನ್ನೂ ಪರೀಕ್ಷೆ ಮಾಡುವವನ ಹಾಗೆ ನೋಡಿದ. ಅವರಿಗೆ ಹಿಂದುಮುಂದು ಗೊತ್ತಿಲ್ಲ. ಒಂದಾ, ಅಷ್ಟೇನಾ ಎಂದು ನಕ್ಕರು. ಸಮುದ್ರ ಜೋರಾದ ದಿನ ಹಡಗಿನ ಅಡುಗೆಮನೆಯಲ್ಲಿ ಲೋಟ ತಟ್ಟೆ ಎಲ್ಲ ತಾವಾಗೇ ನಡೆದಾಡುತ್ತವೆ, ಎಷ್ಟೋ ಒಡೆಯುತ್ತವೆ, ಯಾರು ಲೆಕ್ಕ ಇಡುತ್ತಾರೆ ಎಂದರು. ಮಗ ಕೇಳುತ್ತ ನಿಂತ. ಹಡಗಿನಲ್ಲೇ ಒಡೆಯುತ್ತದಾ ಎಂದು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆ ದಿನ ಮಧ್ಯಾಹ್ನ ಹಸಿರು ಅಂಚಿನ ತಟ್ಟೆಯನ್ನು ತಾನೇ ತಂದು ಇಟ್ಟುಕೊಂಡ, ಅಂಚು ಮೊದಲು ತಾಗಿಸಿ. ಉಸಿರು ಬಿಗಿಹಿಡಿಯಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡ.

ಅಂದು ಊಟವಾದ ಮೇಲೆ ಅಪ್ಪ ಮಕ್ಕಳು ಹೊರಗೆ ಹೋದರು. ನಾನು ಅಡುಗೆಮನೆಗೆ ಬಂದರೆ ಅತ್ತೆ ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಗಂಟು ತೆಗೆಯುತ್ತಿದ್ದರು. ಹಳೇ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ್ದು. ಬಿಚ್ಚಿದರು. ಬೋಳು ತಟ್ಟೆಯ ಚೂರುಗಳು, ಒಣಗಿದ ಹಿಟ್ಟಿನ ಮುದ್ದೆ ಸಮೇತ. ಇದನ್ನು ಅವತ್ತೇ ಎಸೆದಿರಿ ಅಂದುಕೊಂಡಿದ್ದೆನಲ್ಲ ಎಂದೆ. ಕಸದವರ ಕೈಗೆ ಚುಚ್ಚಬಾರದೆಂದು ಅವನ್ನು ಎರಡೆರಡು ಪತ್ರಿಕೆಯಲ್ಲಿ ಸುತ್ತುತ್ತ, ಅವನು ಬರುವ ತನಕ ಹೊರಗೆ ಹಾಕಲು ಮನಸ್ಸಾಗಲಿಲ್ಲ ಎಂದರು. ದನಿ ಸಣ್ಣದಾಗಿತ್ತು. ಆಗ ನೋಡಿದೆ ಅವರ ಕೈಯನ್ನು. ಸುತ್ತುವ ಬೆರಳು, ಮೊಮ್ಮಗನ ಬೆರಳು ಸಂಕ್ರಾಂತಿಯ ದಿನ ಬಿಳಿಚಿದ್ದವಲ್ಲ, ಹಾಗೆಯೇ ಬಿಳಿಚಿದ್ದವು.

ಯಾಕೆ ಒಡೆದಿರಿ ಅತ್ತೆ ಎಂದು ಕೇಳಿದೆ. ಅಷ್ಟು ದಿನ ಕೇಳಿರಲಿಲ್ಲ.

“ಹುಡುಗ ಇವತ್ತಿಲ್ಲ ನಾಳಿ ಒಂದು ಒಡೀತಾನವಾ. ಅದ ಹೊತ್ತಿಗೆ ಅಲ್ಲಿ ಏನರ ಹೆಚ್ಚುಕಮ್ಮಿ ಆತು ಅಂತ ತಿಳಿ. ನನ್ನಿಂದ ಆತು ಅಂತ ಇವ ಸಾಯೂಮಟ ಹೊತ್ಕೊಂಡು ತಿರಗತಾನ. ಅದಕ್ಕ ಮೊದಲನೇದು ನನ್ನ ಕೈಯಾಗಿಂದ ಆಗ್ಲಿ ಅಂದೆ. ಏನರ ಬರೂದಿದ್ರ ನನ್ನ ಮ್ಯಾಲೆ ಬರ್ಲಿ.”

“ನಿಮಗೆ ಭಯ ಆಗ್ಲಿಲ್ವಾ?”

“ಅವ ನನ್ನ ಮಗ ಅಲ್ಲೇನು?” ಎಂದರು. ಪತ್ರಿಕೆಯ ಮೇಲೆ ದಾರ ಸುತ್ತಿ ಗಂಟು ಹಾಕಿದರು.

ನಾನು ಹಲವರನ್ನು ಮೆಚ್ಚಿಕೊಂಡಿದ್ದೇನೆ, ಬಹುಪಾಲು ಜನರನ್ನು ಸ್ವಲ್ಪ ದಿನ. ಅತ್ತೆಯನ್ನು ಮೆಚ್ಚುವುದು ಅಡುಗೆಮನೆಯ ಆ ಕ್ಷಣದಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ಅವರಿಗೆ ನನಗಿಂತ ಹೆಚ್ಚು ನಂಬಿಕೆಯಿತ್ತು ಶಕುನದಲ್ಲಿ, ನನಗಿಂತ ಹೆಚ್ಚು ಹೆದರಿಕೆಯಿತ್ತು. ಆ ಹೆದರಿಕೆಯನ್ನು ಮೊಮ್ಮಗನ ಕೈಯಿಂದ ಬಿಡಿಸಿ ತಮ್ಮ ಸೀರೆಯ ತುಂಡಿನಲ್ಲಿ ಕಟ್ಟಿಟ್ಟುಕೊಂಡು, ಅದರ ಮುಂದೆಯೇ ದಿನಾ ಅನ್ನಕ್ಕೆ ಅಕ್ಕಿ ತೆಗೆದಿದ್ದರು. ಆ ಸಾಯಂಕಾಲ ಅಟ್ಟದಿಂದ ಪಿಂಗಾಣಿ ಡಬ್ಬಿ ಇಳಿಸಿದೆ. ನೀಲಿ ಗೆರೆಯ ತಟ್ಟೆಗಳನ್ನು ಮಕ್ಕಳೇ ಟವೆಲು ಹಾಸಿದ ಟಬ್ಬಿನಲ್ಲಿ ತೊಳೆದರು. ಅತ್ತೆ ಒಂದೊಂದನ್ನೇ ಅಂಗೈ ಮೇಲೆ ಕೂರಿಸಿ ಹೊಡೆದು ನೋಡಿದರು. ಎಲ್ಲವೂ ಹಾಡಿದವು.

ಅತ್ತೆ ಈಗ ಊರಲ್ಲಿ, ದೊಡ್ಡ ಮಗನ ಮನೆಯಲ್ಲಿದ್ದಾರೆ. ದೀಪಾವಳಿಗೆ ಬರುತ್ತೇನೆ ಎಂದಿದ್ದಾರೆ. ನಾವು ವಿಜಯವಾಡದಲ್ಲೇ ಇದ್ದೇವೆ. ಮೇಜು ಗೋಡೆ ಬಿಟ್ಟು ಮತ್ತೆ ನಡುವಿಗೆ ಬಂದಿದೆ. ಮೊನ್ನೆ ನಾನು ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಅಡುಗೆಮನೆಯಲ್ಲಿ ಫಳಾರೆಂದಿತು. ಹಡಗು ಹೋಗಿ ಆಗಲೇ ಎಷ್ಟೋ ದಿನವಾಗಿದೆ. ನನ್ನ ಎದೆ ಧಸಕ್ಕೆಂದಿತು. ಅದು ಈ ಜನ್ಮದಲ್ಲಿ ಹೋಗುವಂಥದ್ದಲ್ಲ. ಎದ್ದು ಓಡಬೇಕು ಎನ್ನುವಾಗ ಮಗನ ದನಿ ಕೇಳಿತು, ನಿಧಾನವಾಗಿ, ಕೆಲಸದ ನಡುವೆ ಕರೆದವನ ಹಾಗೆ.

“ಅಮ್ಮಾ, ನನ್ನ ಕೈಯಿಂದ ಒಡೀತು. ಬರಿಗಾಲಲ್ಲಿ ಬರಬೇಡ, ಚಪ್ಪಲಿ ಹಾಕ್ಕೊಂಡು ಬಾ.”

ಹಾಕಿಕೊಂಡು ಹೋದೆ. ತಂಗಿಯನ್ನು ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಿದ್ದ. ಬಟ್ಟಲಲ್ಲಿ ಹಿಟ್ಟು ಕಲಸುತ್ತಿದ್ದ, ನೀರು ಸ್ವಲ್ಪ ಹೆಚ್ಚಾಗಿತ್ತು. ನನ್ನ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಹಿಟ್ಟಿನ ಕೈಯಲ್ಲೇ ನನ್ನ ತೋಳು ಮುಟ್ಟಿ, “ಅಪ್ಪ ಬಂದ ಮೇಲೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ” ಎಂದ.